ಹೊಂಗಡಹಳ್ಳದ ಎರಡನೇ ಗೋಲ್‌ಕೀಪರ್

ಹೊಂಗಡಹಳ್ಳದ ಸುತ್ತಿನ ಕಾಫಿ ಎಸ್ಟೇಟುಗಳ ಕೂಲಿಯವರ ಸಾಲುಮನೆಗಳಲ್ಲಿ, ಅಂದರೆ ಲೈನ್‌ಗಳಲ್ಲಿ ಶೀಲಾಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆ ಉಟ್ಟು ಅವಳು ಏರು ಹತ್ತಿ ಬರುವುದು ಕಂಡರೆ ಸಾಕು, ‘ಆಶಾ ಬಂದ್ಲು’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರೆ. ಬಸುರಿಯರ ಕಬ್ಬಿಣದ ಮಾತ್ರೆ, ಕೂಸುಗಳ ಲಸಿಕೆಯ ನೆನಪು, ಮುದುಕರ ಬಿಪಿ ಗುಳಿಗೆ ಎಲ್ಲ ಅವಳ ಜೊತೆಯಲ್ಲೇ ಬರುತ್ತಿದ್ದುದರಿಂದ ಮೊದಲೆಲ್ಲ ಆ ಮಾತಿನಲ್ಲಿ ಒಂದು ಸಲಿಗೆ ಇತ್ತು. ಕೊರೊನಾ ಬಂದ ವರ್ಷ ಅದು ಹೋಯಿತು. ಜ್ವರ ಇದೆಯಾ, ಕೆಮ್ಮು ಇದೆಯಾ, ಹೊರಗಿನಿಂದ ಯಾರಾದರೂ ಬಂದಿದ್ದಾರಾ ಎಂದು ಕೇಳುತ್ತ ಅವಳು ಮನೆಮನೆ ತಿರುಗಬೇಕಾಯಿತು. ಅವಳು ಕೇಳಿಕೊಂಡು ಹೋದ ಮನೆಗೆ ಒಂದೆರಡು ದಿನದಲ್ಲಿ ಆಂಬುಲೆನ್ಸ್ ಬರುತ್ತಿತ್ತು. ಲೈನಿನವರು ಅವಳನ್ನು ಕಂಡರೆ ಬಾಗಿಲು ಎಳೆದುಕೊಂಡರು. ಬಂಗಲೆಯವರು ಗೇಟಿನಾಚೆಯೇ ನಿಲ್ಲಿಸಿ ಮಾತಾಡಿಸಿದರು. ದಿನಾ ಬೆಳಗ್ಗೆ ಕಾಫಿ ಕುಡಿಯುತ್ತಿದ್ದ ಹೋಟೆಲಿನಲ್ಲಿ ಅವಳಿಗೆ ಮಾತ್ರ ಪೇಪರ್ ಲೋಟ ಬಂತು.

ಕಾಯಿಲೆಯ ಹೆದರಿಕೆ ಕಳೆದ ಮೇಲೆ ಬಾಗಿಲುಗಳೇನೋ ತೆರೆದವು. ಆದರೆ ಶೀಲಾ ಒಳಗೆ ಹೋಗಿ ಕೂರುವುದನ್ನು ಬಿಟ್ಟಿದ್ದಳು. ಅಂಗಳದಲ್ಲೇ ನಿಂತು ಹೇಳಬೇಕಾದ್ದನ್ನು ಹೇಳಿ, ‘ಬರ್ತೀನಿ’ ಅಂದು ಹೊರಟುಬಿಡುವುದು ಅಭ್ಯಾಸವಾಗಿತ್ತು. ಮನೆಯಲ್ಲೂ ಕಾಯುವವರು ಯಾರೂ ಇರಲಿಲ್ಲ. ಬಾಳ್ಳುಪೇಟೆಯ ಲಾರಿ ಡ್ರೈವರ್ ದಯಾನಂದನಿಗೆ ಅವಳನ್ನು ಕೊಟ್ಟು ಮದುವೆ ಮಾಡಿದ್ದರು. ವಾರಕ್ಕೆ ಎರಡು ಸಲ ಘಾಟಿ ಇಳಿದು ಹತ್ತುತ್ತಿದ್ದವನು ಒಂದು ಸಲ ಇಳಿದವನು ಹತ್ತಿ ಬರಲಿಲ್ಲ. ಕೆಳಗೆ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅಪ್ಪ ತೀರಿಹೋಗಿದ್ದ; ಅವಳು ತವರಿಗೆ ಬಂದು ತಾಯಿ ಮುನಿಯಮ್ಮನ ಜೊತೆ ಇದ್ದಳು. ಮುನಿಯಮ್ಮ ಕಿಡ್ನಿ ಕೆಟ್ಟು ತೀರಿಕೊಂಡ ಮೇಲೆ ಊರಿನ ತುದಿಯ ಎರಡು ಕೋಣೆಯ ಮನೆಯಲ್ಲಿ ಅವಳು ಮತ್ತು ಒಂದು ಟಿವಿ ಉಳಿದರು.

ಈ ಶೀಲಾ ಒಂದು ಕಾಲಕ್ಕೆ ಕರ್ನಾಟಕದ ಜೂನಿಯರ್ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿದ್ದಳು ಎಂದರೆ ಈಗ ಊರಲ್ಲಿ ನಂಬುವವರಿಲ್ಲ. ಅವಳೂ ಯಾರಿಗೂ ಹೇಳುವುದಿಲ್ಲ.

ಅದು ಶುರುವಾಗಿದ್ದು ಕಿತ್ತಳೆ ಮರದ ಕೆಳಗೆ. ಅವಳ ಅಪ್ಪ ಗುಂಡಯ್ಯ ಎಸ್ಟೇಟಿನಲ್ಲಿ ಮರ ಹತ್ತುವ ಆಳು. ಕಾಫಿ ಗಿಡಗಳ ನಡುವಿನ ಕಿತ್ತಳೆ ಮರ ಹತ್ತಿ ಅವನು ಹಣ್ಣು ಕಿತ್ತು ಎಸೆದರೆ, ನೆಲಕ್ಕೆ ಬಿದ್ದು ಒಡೆಯದ ಹಾಗೆ ಶೀಲಾ ಕೆಳಗೆ ಹಿಡಿಯುತ್ತಿದ್ದಳು. ಎತ್ತರದ ಹುಡುಗಿ, ಉದ್ದನೆಯ ಕೈ. ಬಂಗಲೆಗೆ ಯಾವುದೋ ಕೆಲಸಕ್ಕೆ ಬಂದಿದ್ದ ಪಿ.ಟಿ. ಮೇಷ್ಟ್ರು ಮಂಜುನಾಥ್ ಇದನ್ನು ನಿಂತು ನೋಡಿದರು. ಸಕಲೇಶಪುರದ ಹೈಸ್ಕೂಲಿನಲ್ಲಿ ಅವರು ಆಗಷ್ಟೇ ಹುಡುಗಿಯರ ತಂಡ ಕಟ್ಟುತ್ತಿದ್ದರು. ಓಡುವವರು ಸಿಕ್ಕಿದ್ದರು, ಗೋಲಿನಲ್ಲಿ ನಿಲ್ಲುವುದಕ್ಕೆ ಯಾರೂ ಒಪ್ಪಿರಲಿಲ್ಲ. ‘ಮಗಳನ್ನ ನನಗೆ ಕೊಡು ಗುಂಡಯ್ಯ, ಹಣ್ಣಿನ ಬದಲು ಚೆಂಡು ಹಿಡೀಲಿ’ ಅಂದರು.

ಅವಳಿಗೆ ಗೋಲಿನಲ್ಲಿ ನಿಲ್ಲುವುದು ಇಷ್ಟವಾಯಿತು. ಉಳಿದವರೆಲ್ಲ ಮೈದಾನದ ಆ ತುದಿಗೆ ಗುಂಪಾಗಿ ಓಡಿಹೋದಾಗ ಈ ತುದಿಯಲ್ಲಿ ಅವಳೊಬ್ಬಳೇ ಉಳಿಯುತ್ತಿದ್ದಳು. ಹಿಂದೆ ಬಲೆ, ಮುಂದೆ ಖಾಲಿ ಹುಲ್ಲು. ಚೆಂಡು ತಿರುಗಿ ಬರುವವರೆಗೂ ಏನೂ ಕೆಲಸವಿಲ್ಲ, ಆದರೂ ಕಣ್ಣು ಕೀಳುವ ಹಾಗಿಲ್ಲ. ತಾಲ್ಲೂಕು, ಜಿಲ್ಲೆ, ವಿಭಾಗ ಎಲ್ಲ ದಾಟಿ ಅವಳು ಬೆಂಗಳೂರಿನ ಕ್ಯಾಂಪಿಗೆ ಹೋದಳು. ಅಲ್ಲಿ ಆಲೂರಿನ ಚೈತ್ರಶ್ರೀ ಇದ್ದಳು. ಚೈತ್ರಶ್ರೀ ಮೊದಲನೇ ಗೋಲ್‌ಕೀಪರ್, ಶೀಲಾ ಎರಡನೆಯವಳು.

ಎರಡನೇ ಗೋಲ್‌ಕೀಪರ್ ಅಂದರೆ ಆಡದೆ ಇರುವವಳು. ಬೇರೆ ಜಾಗಗಳಲ್ಲಿ ಯಾರಾದರೂ ಸುಸ್ತಾದರೆ ಬದಲಿಯವರನ್ನು ಇಳಿಸುತ್ತಾರೆ. ಗೋಲ್‌ಕೀಪರ್ ಸುಸ್ತಾಗುವುದಿಲ್ಲ. ಅವಳಿಗೆ ಪೆಟ್ಟು ಬೀಳಬೇಕು, ಇಲ್ಲವೇ ಅವಳು ತಪ್ಪು ಮಾಡಬೇಕು. ರಾಷ್ಟ್ರಮಟ್ಟದ ಪಂದ್ಯಗಳಿಗೆಂದು ರೈಲಿನಲ್ಲಿ ಕಟಕ್‌ಗೆ ಹೋದಾಗ ಶೀಲಾ ಪ್ರತಿ ಆಟಕ್ಕೂ ಮುಂಚೆ ಚೈತ್ರಶ್ರೀಯ ಕೈಗೆ ಚೆಂಡು ಒದ್ದು ಒದ್ದು ಅವಳನ್ನು ತಯಾರು ಮಾಡುತ್ತಿದ್ದಳು, ಆಮೇಲೆ ಬೆಂಚಿನ ಮೇಲೆ ಕೂರುತ್ತಿದ್ದಳು. ಕೊನೆಯ ಪಂದ್ಯದಲ್ಲಿ ಒಂದು ಡಿಕ್ಕಿಯಾಗಿ ಚೈತ್ರಶ್ರೀ ಮಣಿಕಟ್ಟು ಹಿಡಿದುಕೊಂಡು ಬಿದ್ದಳು. ಕೋಚ್ ತಿರುಗಿ ನೋಡಿ, ‘ಶೀಲಾ, ರೆಡಿಯಾಗು’ ಅಂದರು. ಅವಳು ಜಾಕೆಟ್ ತೆಗೆದಳು, ಗ್ಲೌಸ್ ಏರಿಸಿದಳು, ಗೆರೆಯ ಹತ್ತಿರ ಹೋಗಿ ನಿಂತಳು. ಆಗ ಚೈತ್ರಶ್ರೀ ಎದ್ದು, ಕೈ ಒದರಿ, ಆಡುತ್ತೇನೆ ಎಂದು ಸನ್ನೆ ಮಾಡಿದಳು. ಶೀಲಾ ತಿರುಗಿ ಬಂದು ಜಾಕೆಟ್ ಹಾಕಿಕೊಂಡಳು. ಅಲ್ಲಿಗೆ ಅವಳ ಆಟ ಮುಗಿಯಿತು. ಆ ಮಳೆಗಾಲ ಕಳೆದು ಮೆಣಸು ಕುಯ್ಯುವಾಗ ಗುಂಡಯ್ಯ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಮುಂದಿನ ಕ್ಯಾಂಪಿನ ಕರೆ ಬಂದಾಗ ಶೀಲಾ ಅವ್ವನ ಜೊತೆ ಕಾಫಿ ಹಣ್ಣು ಕುಯ್ಯುತ್ತಿದ್ದಳು.

ಕೊರೊನಾದ ಮೂರನೇ ಅಲೆ ಬಂದ ಜನವರಿಯಲ್ಲಿ, ಆರೋಗ್ಯ ಕೇಂದ್ರದ ಜಗುಲಿಯ ಮೇಲೆ ಕೂತು ಡಾಕ್ಟರಿಗೆ ಕಾಯುತ್ತಿದ್ದಾಗ ಅವಳು ಮೊಬೈಲಿನಲ್ಲಿ ಒಂದು ಸುದ್ದಿ ಓದಿದಳು. ಮಹಿಳೆಯರ ಏಷ್ಯಾ ಕಪ್ ಫುಟ್‌ಬಾಲ್ ಈ ಸಲ ನಮ್ಮ ದೇಶದಲ್ಲೇ ನಡೆಯುತ್ತಿದೆ, ಚೆನ್ನಾಗಿ ಆಡಿದರೆ ವಿಶ್ವಕಪ್‌ಗೂ ಹೋಗಬಹುದು ಎಂದಿತ್ತು. ಭಾರತ ತಂಡದ ಪರಿಚಯವನ್ನೇ ಉದ್ದಕ್ಕೆ ಬರೆದಿದ್ದರು. ಬಹಳ ಹಿಂದೆ, ಅವಳು ಹುಟ್ಟುವ ಆಸುಪಾಸಿನಲ್ಲಿ, ಈ ತಂಡ ಎರಡು ಸಲ ಇದೇ ಕಪ್ಪಿನ ಫೈನಲ್‌ವರೆಗೆ ಹೋಗಿತ್ತಂತೆ. ಆಮೇಲೆ ಕುಸಿಯುತ್ತ ಕುಸಿಯುತ್ತ ಹಲವು ವರ್ಷ ಆಡುವ ಅರ್ಹತೆಯೇ ಸಿಗಲಿಲ್ಲವಂತೆ. ಶೀಲಾಗೆ ಇದು ಯಾವುದೂ ಗೊತ್ತಿರಲಿಲ್ಲ. ಕೆಳಗೆ ಆಟಗಾರ್ತಿಯರ ಫೋಟೊ ಇತ್ತು. ಮೂರು ಜನ ಗೋಲ್‌ಕೀಪರ್‌ಗಳು. ಅವಳು ಮೊದಲನೆಯವಳ ಮುಖ ಬಿಟ್ಟು ಉಳಿದ ಇಬ್ಬರ ಮುಖಗಳನ್ನು ದೊಡ್ಡದು ಮಾಡಿ ನೋಡಿದಳು.

ಮೊದಲ ಪಂದ್ಯ ಇರಾನ್ ಮೇಲೆ. ಅವತ್ತು ಅವಳು ಬೇಗ ಮನೆಗೆ ಬಂದು, ಅನ್ನಕ್ಕಿಟ್ಟು, ಟಿವಿಯ ಮುಂದೆ ಚಾಪೆ ಹಾಸಿಕೊಂಡಳು. ನಮ್ಮ ಹುಡುಗಿಯರು ನೀಲಿ ಅಂಗಿಯಲ್ಲಿ ಸಾಲಾಗಿ ನಿಂತು ರಾಷ್ಟ್ರಗೀತೆ ಹಾಡಿದಾಗ ಅವಳೂ ಎದ್ದು ನಿಂತಳು, ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದುದರಿಂದ ಸ್ವಲ್ಪ ನಾಚಿಕೆಯೂ ಆಯಿತು. ಆಟ ಪೂರ್ತಿ ನಮ್ಮದೇ. ಚೆಂಡು ಮತ್ತೆ ಮತ್ತೆ ಇರಾನಿನ ಗೋಲಿನ ಹತ್ತಿರ ಹೋಗುತ್ತಿತ್ತು, ಒಂದು ಸಲವೂ ಒಳಗೆ ಬೀಳಲಿಲ್ಲ. ಅವರ ಗೋಲ್‌ಕೀಪರ್ ಎಲ್ಲವನ್ನೂ ತಡೆದಳು. ಅಪರೂಪಕ್ಕೆ ಚೆಂಡು ಈ ಕಡೆ ಬಂದಾಗ ಶೀಲಾ ಮೊಣಕಾಲೂರಿ ಕೂಗುತ್ತಿದ್ದಳು. ಗೋಲ್‌ಕೀಪರ್ ಮುಂದೆ ಬಂದು ಚೆಂಡು ಹಿಡಿಯುವಾಗ, ತನ್ನವರು ಅಡ್ಡ ಬರದಿರಲಿ ಎಂದು, ಚೆಂಡು ತನ್ನದೆಂದು ಗಟ್ಟಿಯಾಗಿ ಕೂಗಬೇಕು. ಮಂಜುನಾಥ್ ಮೇಷ್ಟ್ರು ಕಲಿಸಿದ್ದ ಆ ಕೂಗು ಇಷ್ಟು ವರ್ಷದ ಮೇಲೆ ಬಾಯಿಗೆ ತಾನಾಗಿ ಬಂತು. ಆಟ ಸೊನ್ನೆ ಸೊನ್ನೆಯಲ್ಲಿ ಮುಗಿಯಿತು. ಒಲೆಯ ಮೇಲೆ ಅನ್ನ ಸೀದುಹೋಗಿತ್ತು.

ಬೆಳಗ್ಗೆ ನಲ್ಲಿಯ ಹತ್ತಿರ ಬೆಟ್ಟಮ್ಮ ಸಿಕ್ಕಳು. ಶೀಲಾಳ ಮನೆಯ ಕೆಳಗಿನ ಲೈನಿನಲ್ಲಿರುವ ಮುದುಕಿ, ಕೆಲವು ವರ್ಷಗಳ ಹಿಂದೆ ಆಲೂರು ಕಡೆಯಿಂದ ಕೆಲಸಕ್ಕೆ ಬಂದವಳು, ಈಗಲೂ ದಿನಾ ಕಾಫಿ ಕುಯ್ಲಿಗೆ ಹೋಗುತ್ತಾಳೆ.

‘ರಾತ್ರಿ ಯಾರ ಜತೆ ಜಗಳ ಆಡ್ತಿದ್ದೆ ಮಗ?’ ಅಂದಳು. ‘ನಂದು, ನಂದು ಅಂತ ಕೂಗ್ತಿದ್ದೆ. ಜಾಗದ ತಕರಾರೇನಾರ ಐತಾ?’

‘ಇಲ್ಲ ದೊಡ್ಡವ್ವ. ಟಿವೀಲಿ ಆಟ ನೋಡ್ತಿದ್ದೆ.’

‘ಆಟ ನೋಡೋರು ನಂದು ಅಂತಾರಾ?’

ಶೀಲಾ ಏನೋ ಹೇಳಿ ಜಾರಿಕೊಳ್ಳಬಹುದಿತ್ತು. ಬಿಂದಿಗೆ ತುಂಬಲು ಇನ್ನೂ ಹೊತ್ತಿತ್ತು. ಯಾಕೋ ಹೇಳಿಬಿಟ್ಟಳು. ಹೈಸ್ಕೂಲು, ಬೆಂಗಳೂರು, ಕಟಕ್‌ಗೆ ಹೋಗುವ ರೈಲು, ಬೆಂಚು. ಬೆಟ್ಟಮ್ಮ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಪೂರ್ತಿ ಕೇಳಿದಳು.

‘ಪ್ಯಾಂಟ್ ಹಾಕ್ಕಂಡು ಆಡ್ತಿದ್ರಾ?’

‘ಚಡ್ಡಿ.’

‘ನಿಮ್ಮಪ್ಪ ಏನೂ ಅನ್ನಲಿಲ್ವಾ?’

‘ಅವ್ರೇ ಕಳಿಸಿದ್ದು.’

ಬೆಟ್ಟಮ್ಮ ಬಿಂದಿಗೆ ಸೊಂಟಕ್ಕೇರಿಸಿದಳು. ‘ಭಾನ್ವಾರ ಆಟ ಐತಾ? ಐತೆ ಅಂದ್ರೆ ನಮ್ಗೂ ತೋರ್ಸು. ಭಾನ್ವಾರ ಕುಯ್ಲಿಲ್ಲ, ಸಂಜೆ ಸುಮ್ನೆ ಕೂತಿರ್ತೀವಿ.’

ಭಾನುವಾರ ತೈವಾನ್ ಕಡೆಯವರ ಮೇಲೆ ಪಂದ್ಯವಿತ್ತು. ಶೀಲಾ ಮಧ್ಯಾಹ್ನದಿಂದಲೇ ಅಂಗಳ ಗುಡಿಸಿದಳು. ಕೋಣೆಯೊಳಗೆ ಗುಂಪು ಸೇರಿಸುವ ಕಾಲವಲ್ಲ ಎಂದು ಟಿವಿಯನ್ನು ಜಗುಲಿಗೆ ತಂದಿಟ್ಟು ವೈರು ಎಳೆದಳು. ಚಳಿಗೆ ಬೆಂಕಿ ಹಾಕಿ ಅದರಲ್ಲಿ ಗೆಣಸು ಹೂತಳು. ನಿಜ ಹೇಳಬೇಕೆಂದರೆ ಯಾರೂ ಬರುವುದಿಲ್ಲ ಎಂದೇ ಅವಳು ಅಂದುಕೊಂಡಿದ್ದಳು. ಕತ್ತಲಾಗುವ ಹೊತ್ತಿಗೆ ಬೆಟ್ಟಮ್ಮ ಮುಂದಾಗಿ, ತಲೆಗೆ ಟವೆಲ್ ಸುತ್ತಿಕೊಂಡ ಏಳೆಂಟು ಹೆಂಗಸರು ಲೈನಿನಿಂದ ಹತ್ತಿ ಬಂದರು. ಶೀಲಾ ಎಲ್ಲರಿಗೂ ಮಾಸ್ಕ್ ಕೊಟ್ಟು ದೂರ ದೂರ ಕೂರಿಸಿದಳು. ಯಾರೂ ಗೊಣಗಲಿಲ್ಲ. ಅವಳ ಅಂಗಳದಲ್ಲಿ ಅಷ್ಟು ಜನ ಕೂತಿದ್ದು ಮುನಿಯಮ್ಮ ಸತ್ತ ದಿನ ಬಿಟ್ಟರೆ ಅದೇ ಮೊದಲು.

‘ಕೈಯಲ್ಲಿ ಮುಟ್ಟಂಗಿಲ್ಲ, ಕಾಲಲ್ಲೇ ಆಡ್ಬೇಕು. ಗೋಲ್‌ಕೀಪರ್ ಒಬ್ಳೇ ಕೈಯಲ್ಲಿ ಹಿಡೀಬೋದು’ ಎಂದು ಶೀಲಾ ವಿವರಿಸಿದಳು.

‘ಒಬ್ಳಿಗೆ ಕೈ ಕೊಟ್ಟು ಮಿಕ್ಕೋರ ಕೈ ಕಟ್ಟಾಕವ್ರೆ ಅನ್ನು’ ಅಂದಳು ಮೀನಾಕ್ಷಮ್ಮ. ಕುಯ್ಲಿನಲ್ಲಿ ಎಲ್ಲರಿಗಿಂತ ಚುರುಕಾದ ಹೆಂಗಸು, ಮಾತೂ ಹಾಗೆಯೇ. ಎಲ್ಲರೂ ನಕ್ಕರು.

ಆಟದ ಹೊತ್ತು ಹತ್ತಿರ ಬಂತು. ಟಿವಿಯಲ್ಲಿ ಮೈದಾನ ಕಾಣಿಸಲಿಲ್ಲ. ಕೋಟು ಹಾಕಿದವರು ಕೂತು ಮಾತಾಡುತ್ತಿದ್ದರು, ಅವರ ಮುಖಗಳಲ್ಲಿ ನಗು ಇರಲಿಲ್ಲ. ನಡುನಡುವೆ ಹಳೆಯ ಆಟದ ತುಣುಕು ಹಾಕುತ್ತಿದ್ದರು. ‘ಇದೇನಾ?’ ಎಂದು ಯಾರೋ ಕೇಳಿದರು. ‘ಇದಲ್ಲ, ಈಗ ಬರ್ತದೆ’ ಅಂದಳು ಶೀಲಾ. ಇನ್ನಷ್ಟು ಹೊತ್ತು ಕಾದರು. ಕೊನೆಗೆ ಅವಳು ಮೊಬೈಲ್ ಹಿಡಿದು, ಸಿಗ್ನಲ್ ಸಿಗುವ ಹಲಸಿನ ಮರದ ಹತ್ತಿರ ಹೋದಳು. ತಿರುಗಿ ಬಂದಾಗ ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

‘ಆಟ ಇಲ್ಲ’ ಅಂದಳು.

‘ಯಾಕವ್ವ?’

‘ನಮ್ಮ ಹುಡುಗೀರಿಗೆ ಕೊರೊನಾ ಬಂದೈತಂತೆ. ಹತ್ತಕ್ಕಿಂತ ಜಾಸ್ತಿ ಜನಕ್ಕೆ. ಆಡಕ್ಕೆ ಸಾಕಾಗೋವಷ್ಟು ಜನ ಉಳಿದಿಲ್ವಂತೆ.’

ಬೆಂಕಿಯಲ್ಲಿ ಸೌದೆ ಚಟಪಟ ಅಂದಿತು. ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡಿದ್ದ ಒಂದಿಬ್ಬರು ಮೇಲಕ್ಕೆಳೆದುಕೊಂಡರು.

‘ನಾವು ಜ್ವರ ಬಂದ್ರೂ ಕುಯ್ಯಕ್ಕೆ ಹೋಗ್ತೀವಿ. ಅವ್ರದು ಮನೆ ಆಟ, ನಮ್ಮ ದೇಶದಲ್ಲೇ ನಡೀತಾ ಐತೆ, ಆಡ್ಬಾರ್ದಾ?’ ಅಂದಳು ಮೀನಾಕ್ಷಮ್ಮ.

‘ಆಡ್ತೀನಿ ಅಂದ್ರೂ ಬಿಡಲ್ಲ ಅಕ್ಕ.’

‘ಯಾರು ಬಿಡಲ್ಲ?’

‘ನನ್ನಂಥೋರು’ ಅಂದಳು ಶೀಲಾ.

ಮೀನಾಕ್ಷಮ್ಮ ಗೆಣಸಿನ ಸಿಪ್ಪೆ ಸುಲಿಯುತ್ತ, ತಲೆ ಎತ್ತದೆ ಹೇಳಿದಳು: ‘ನಮ್ಮನೆಯೋರ್ನ ಆಂಬುಲೆನ್ಸಲ್ಲಿ ಹತ್ತಿಸ್ದಾಗ ನೀನು ಈ ಥರನೇ ನಿಂತಿದ್ದೆ, ಮೊಬೈಲ್ ಹಿಡ್ಕಂಡು. ಅವತ್ತು ನಿನ್ನ ಬಾಯ್ತುಂಬ ಬಯ್ದಿದ್ದೆ. ನಿಂಗೆ ಕೇಳ್ತೋ ಇಲ್ವೋ.’

‘ಕೇಳಿಸ್ತು.’

‘ಮತ್ತೆ ಒಂದು ಮಾತೂ ಆಡ್ಲಿಲ್ಲ?’

‘ಏನಂತ ಆಡ್ಲಿ ಅಕ್ಕ.’

ಮೀನಾಕ್ಷಮ್ಮನ ಗಂಡ ಬದುಕಿ ಬಂದಿದ್ದ, ಆ ವರ್ಷದ ಕುಯ್ಲು ಮಾತ್ರ ಕೈತಪ್ಪಿತ್ತು. ಗೆಣಸಿನ ಅರ್ಧವನ್ನು ಮುರಿದು ಅವಳು ಶೀಲಾಳ ಕಡೆ ಚಾಚಿದಳು. ಶೀಲಾ ಹೋಗಿ ತೆಗೆದುಕೊಂಡಳು. ಒಬ್ಬೊಬ್ಬರೇ ಎದ್ದರು. ಒಬ್ಬಳಿಗೆ ಮುದ್ದೆ ಮಾಡಬೇಕಿತ್ತು, ಇನ್ನೊಬ್ಬಳ ಕೂಸು ಎದ್ದಿರುತ್ತದೆ. ‘ಇನ್ನೊಂದಿನ ತೋರ್ಸು’ ಎಂದು ಹೇಳಿ ಲೈನಿನ ದಾರಿ ಇಳಿದರು. ಟಾರ್ಚಿನ ಬೆಳಕುಗಳು ಕಾಫಿ ಗಿಡಗಳ ನಡುವೆ ಸ್ವಲ್ಪ ದೂರ ಕಂಡು ಮರೆಯಾದವು. ಬೆಟ್ಟಮ್ಮ ಟಿವಿಯ ಒಂದು ಕಡೆ ಹಿಡಿದು ಒಳಗಿಡಿಸಿ ತಾನೂ ಹೋದಳು.

ಮಾರನೇ ದಿನ ಕೇಂದ್ರದಲ್ಲಿ ಶೀಲಾ ಉಳಿದ ಸುದ್ದಿ ಓದಿದಳು. ಭಾರತ ತಂಡ ಟೂರ್ನಿಯಿಂದಲೇ ಹೊರಬಿದ್ದಿತ್ತು. ಆಡಿದ್ದ ಒಂದು ಪಂದ್ಯವೂ ಲೆಕ್ಕಕ್ಕಿಲ್ಲ, ಇರಾನ್ ಮೇಲಿನ ಆ ಆಟ ನಡೆದೇ ಇಲ್ಲವೆಂದು ತಿಳಿಯಬೇಕು ಎಂದಿತ್ತು. ಅವಳು ಅದನ್ನು ಎರಡು ಸಲ ಓದಿದಳು. ಸಂಜೆ ನಲ್ಲಿಯ ಹತ್ತಿರ ಬೆಟ್ಟಮ್ಮನಿಗೂ ಹೇಳಿದಳು.

‘ಆಡಿದ್ದು ಹೆಂಗೆ ಇಲ್ದಂಗಾಗ್ತದೆ?’ ಅಂದಳು ಬೆಟ್ಟಮ್ಮ. ‘ನೀನು ನೋಡಿದ್ಯಲ್ಲ.’

‘ನೋಡಿದ್ದೆ.’

‘ನಾನು ಕೇಳಿಸ್ಕಂಡಿದ್ದೀನಿ. ಅಷ್ಟು ಸಾಕು ಬುಡು.’

ಶೀಲಾಗೆ ಅಷ್ಟು ಸಾಕಾಗಲಿಲ್ಲ. ಆ ಹುಡುಗಿಯರು ಈಗ ಯಾವುದೋ ಹೋಟೆಲಿನ ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡು ಕೂತಿರುತ್ತಾರೆ ಎಂಬುದು ಅವಳ ತಲೆಯಿಂದ ಹೋಗಲಿಲ್ಲ. ಊಟದ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಬಡಿದು ಹೋಗುತ್ತಾರೆ. ಹಾಗೆ ಎಷ್ಟು ಬಾಗಿಲು ಬಡಿದಿದ್ದಳು ಅವಳು. ಆ ಇಬ್ಬರು ಬದಲಿ ಗೋಲ್‌ಕೀಪರ್‌ಗಳು ನೆನಪಾದರು. ಅವರು ಊರಿಗೆ ಹೋಗಿ ಏನು ಹೇಳುತ್ತಾರೆ? ಕಪ್‌ಗೆ ಹೋಗಿದ್ದೆ ಅಂತಲೋ, ಹೋಗಲಿಲ್ಲ ಅಂತಲೋ?

ಗಣರಾಜ್ಯೋತ್ಸವದ ದಿನ ಬಾವುಟ ಹಾರಿಸಿ ಲಾಡು ತೆಗೆದುಕೊಂಡು ಮನೆಗೆ ಬಂದಾಗ, ನಮ್ಮವರ ಮೂರನೇ ಆಟ ಇವತ್ತು ಇರಬೇಕಿತ್ತು ಎಂದು ಅವಳಿಗೆ ನೆನಪಾಯಿತು. ಈ ಮಾತನ್ನು ಅರ್ಥ ಮಾಡಿಕೊಳ್ಳುವವರು ಯಾರಿದ್ದಾರೆಂದು ಯೋಚಿಸಿದರೆ ಒಂದೇ ಹೆಸರು ಬಂತು. ಬಾಳ್ಳುಪೇಟೆಯ ಒಂದು ಮದುವೆಯಲ್ಲಿ ಯಾರೋ ಚೈತ್ರಶ್ರೀಯ ನಂಬರ್ ಕೊಟ್ಟಿದ್ದರು. ಕ್ರೀಡಾ ಕೋಟಾದಲ್ಲಿ ಬ್ಯಾಂಕ್ ಕೆಲಸ ಸಿಕ್ಕಿ ಅವಳು ಮೈಸೂರಿನಲ್ಲಿದ್ದಳು. ಶೀಲಾ ಒಂದು ಸಲವೂ ಫೋನ್ ಮಾಡಿರಲಿಲ್ಲ. ಹಲಸಿನ ಮರದ ಕೆಳಗೆ ನಿಂತು ಮಾಡಿದಳು.

‘ಯಾವ ಶೀಲಾ?’ ಅಂದಿತು ಆ ಕಡೆಯ ದನಿ.

‘ಹೊಂಗಡಹಳ್ಳದ ಶೀಲಾ. ಕಟಕ್‌ಗೆ ಹೋಗಿದ್ವಲ್ಲ.’

‘ಅಯ್ಯೋ, ಶೀಲಾ ನೀನೇನೇ? ಹೇಗಿದೀಯ? ಎಷ್ಟು ವರ್ಷ ಆಯ್ತು ಮಾರಾಯ್ತಿ.’

ಮಕ್ಕಳು, ಗಂಡ, ಮೈಸೂರಿನ ಮನೆ ಎಲ್ಲ ಬಂತು. ಶೀಲಾ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಕೇಳಿದಳು: ‘ನಮ್ಮ ಟೀಮಿಂದು ನೋಡಿದ್ಯಾ ಚೈತ್ರಾ? ಹಿಂಗಾಗಿಹೋಯ್ತಲ್ಲ.’

‘ಯಾವ ಟೀಮು?’

ಶೀಲಾ ಹೇಳಿದಳು.

‘ಓ, ಏಷ್ಯಾ ಕಪ್ ನಡೀತಿತ್ತಾ? ಗೊತ್ತೇ ಇಲ್ಲ ಕಣೆ. ಕೆಲಸಕ್ಕೆ ಸೇರಿದ ಮೇಲೆ ನಾನು ಆಟ ನೋಡೋದೇ ಬಿಟ್ಟೆ. ನೋಡಿದ್ರೆ ಆಡ್ಬೇಕು ಅನ್ಸತ್ತೆ, ಆಡೋಕಾಗಲ್ಲ, ಸುಮ್ನೆ ಸಂಕಟ.’ ಅವಳೇ ಕೇಳಿದಳು: ‘ನೀನು ನೋಡ್ತೀಯಾ ಈಗ್ಲೂ?’

‘ನೋಡ್ತೀನಿ.’

‘ನಿಂಗೇನು, ಕೂತು ನೋಡಿ ಅಭ್ಯಾಸ ಇತ್ತು’ ಎಂದು ಚೈತ್ರಶ್ರೀ ನಕ್ಕಳು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಶೀಲಾಗೂ ಅದು ಗೊತ್ತಿತ್ತು, ಅವಳೂ ನಕ್ಕಳು. ಒಳಗೆ ಯಾರೋ ಅಮ್ಮ ಎಂದು ಕರೆದರು. ಮೈಸೂರಿಗೆ ಬಂದರೆ ಮನೆಗೆ ಬಾ ಎಂದು ಹೇಳಿ ಚೈತ್ರಶ್ರೀ ಫೋನ್ ಇಟ್ಟಳು. ಶೀಲಾ ಮರದ ಕೆಳಗೆ ಇನ್ನಷ್ಟು ಹೊತ್ತು ನಿಂತಿದ್ದಳು. ಬೇಜಾರೇ ಆಯಿತು ಎಂದು ಹೇಳುವಂತಿರಲಿಲ್ಲ. ಯಾರದೋ ಮನೆ ಹುಡುಕಿಕೊಂಡು ಹೋಗಿ, ಅವರು ಊರಲ್ಲಿಲ್ಲ ಎಂದು ತಿಳಿದು ತಿರುಗಿದ ಹಾಗಾಗಿತ್ತು.

ಟೂರ್ನಿ ನಿಲ್ಲಲಿಲ್ಲ. ಶೀಲಾ ಉಳಿದ ಪಂದ್ಯಗಳನ್ನೂ ನೋಡಿದಳು, ಜಪಾನ್, ಕೊರಿಯಾ, ಫಿಲಿಪೀನ್ಸ್, ಯಾರ ಆಟವಿದ್ದರೆ ಅವರದ್ದು. ಹಗಲು ಲೈನ್‌ಗಳಲ್ಲಿ ಜ್ವರ ಬಂದವರ ಮನೆಗೆ ಮಾತ್ರೆ ಕೊಟ್ಟು ಬರುವಳು. ಮೀನಾಕ್ಷಮ್ಮ ಮಾತ್ರ ಈಗ ಅವಳನ್ನು ‘ಶೀಲಾ’ ಎಂದು ಕರೆಯುತ್ತಿದ್ದಳು. ಒಂದು ಸಲ ಒಳಗೆ ಕರೆದು ಕಾಫಿಯನ್ನೂ ಕೊಟ್ಟಳು. ಉಳಿದವರಿಗೆ ಅವಳು ಆಶಾಳೇ.

ಫೈನಲ್ ಒಂದು ಭಾನುವಾರ ಸಂಜೆ ಇತ್ತು. ಯಾರನ್ನೂ ಕರೆದಿರಲಿಲ್ಲ. ಆಟ ಶುರುವಾದ ಮೇಲೆ ಬೆಟ್ಟಮ್ಮ ಎಲೆಯಡಿಕೆ ಚೀಲ ಹಿಡಿದು ಬಂದು ಬಾಗಿಲ ಹತ್ತಿರ ಕಾಲು ಚಾಚಿ ಕೂತಳು.

‘ಇದ್ರಲ್ಲಿ ನಮ್ಮೋರು ಯಾರು?’

‘ಯಾರೂ ಇಲ್ಲ ದೊಡ್ಡವ್ವ. ಅವ್ರು ಚೀನಾ, ಇವ್ರು ಕೊರಿಯಾ.’

‘ಮತ್ತೆ ನೀನು ಯಾರ ಕಡೆ?’

‘ಯಾರ ಕಡೇನೂ ಇಲ್ಲ. ಸುಮ್ನೆ ನೋಡ್ತಿದ್ದೀನಿ.’

ಬೆಟ್ಟಮ್ಮ ಸ್ವಲ್ಪ ಹೊತ್ತು ಪರದೆಯ ಮೇಲೆ ಚೆಂಡು ಹೋದ ಕಡೆಯೆಲ್ಲ ಕತ್ತು ತಿರುಗಿಸಿದಳು. ವಾರವಿಡೀ ಕುಯ್ದ ದಣಿವು, ಭಾನುವಾರದ ಊಟ. ಅರ್ಧ ಆಟ ಮುಗಿಯುವ ಮುಂಚೆಯೇ ಗೋಡೆಗೊರಗಿ ಗೊರಕೆ ಹೊಡೆಯತೊಡಗಿದಳು. ಶೀಲಾ ಎದ್ದು ಅವಳ ಮೇಲೆ ಒಂದು ಕಂಬಳಿ ಹೊದಿಸಿ, ಟಿವಿಯ ದನಿ ಕಡಿಮೆ ಮಾಡಿದಳು. ಎರಡು ಗೋಲು ಹಿಂದಿದ್ದ ಚೀನಾ ಎರಡನೇ ಅರ್ಧದಲ್ಲಿ ಎರಡನ್ನೂ ತೀರಿಸಿ, ಕೊನೆಯ ಗಳಿಗೆಯಲ್ಲಿ ಮೂರನೆಯದನ್ನೂ ಹೊಡೆಯಿತು. ಗೆದ್ದವರೆಲ್ಲ, ಆಡದೆ ಬೆಂಚಿನಲ್ಲಿದ್ದವರೂ ಸೇರಿ, ಓಡಿ ಬಂದು ಮೈದಾನದ ನಡುವೆ ಒಬ್ಬರ ಮೇಲೊಬ್ಬರು ಬಿದ್ದರು. ಕ್ಯಾಮೆರಾ ಅವರನ್ನೇ ತೋರಿಸುತ್ತಿತ್ತು. ಶೀಲಾ ಪರದೆಗೆ ಇನ್ನಷ್ಟು ಹತ್ತಿರ ಸರಿದು, ಆ ರಾಶಿಯಲ್ಲಿ ಬೆವರಿಲ್ಲದ, ಕೊಳೆಯಾಗದ ಅಂಗಿ ತೊಟ್ಟವಳು ಯಾರಿದ್ದಾಳೆಂದು ಹುಡುಕಿದಳು.